ಸುಣ್ಣದ ಗುರುತಿನ ಮಣ್ಣು

ಹುಳಿ ಮಣ್ಣಿನ ಪಾಠ ಬರುವ ದಿನ ನಾನು ತರಗತಿಯಲ್ಲಿ ಒಂದು ಕಥೆ ಹೇಳುತ್ತೇನೆ. ಸಂಡೂರಿನ ಗುಡ್ಡವೊಂದರಲ್ಲಿ, ಗಣಿಯಿಂದ ತೆಗೆದು ಸುರಿದ ಮಣ್ಣಿನ ರಾಶಿಯ ಮೇಲೆ ನೆಟ್ಟ ಸಸಿಗಳು ಸಾಯುತ್ತಿದ್ದವು. ಸಸಿ ಬೆಳೆಸಿದ ಹೆಂಗಸಿನ ಮೇಲೆ ಎಲ್ಲರೂ ತಪ್ಪು ಹೊರಿಸಿದ್ದರು. ಒಂದು ದಿನ ಆಕೆ ಎರಡು ಸಸಿ ಕಿತ್ತು, ಬಕೆಟ್ಟಿನ ನೀರಿನಲ್ಲಿ ಬೇರು ತೊಳೆದು ನನ್ನ ಮುಂದೆ ಹಿಡಿದಳು. ಬೇರು ನೋಡಿದ ಕೂಡಲೇ ನನಗೆ ಗೊತ್ತಾಯಿತು, ತಪ್ಪು ಸಸಿಯದಲ್ಲ, ಆ ಮಣ್ಣಿನಲ್ಲಿ ಕರಗಿದ್ದ ಅಲ್ಯೂಮಿನಿಯಂನದು ಎಂದು. ಅದೇ ಸಂಜೆ ಕಂಪನಿಗೆ ಪತ್ರ ಬರೆದೆ. ಆಕೆಯ ಕೆಲಸ ಉಳಿಯಿತು.

ಹೇಳಲು ಹತ್ತು ನಿಮಿಷ ಸಾಕು. ಹುಡುಗರಿಗೆ ಇಷ್ಟವಾಗುತ್ತದೆ, ನನಗೂ ಇಷ್ಟ. ಒಂಬತ್ತು ವರ್ಷ ಹೇಳಿದ್ದೇನೆ. ಕಳೆದ ಬೇಸಿಗೆ ಹೊಸಪೇಟೆಯಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಪುಸ್ತಕದ ಪೆಟ್ಟಿಗೆಯಿಂದ ಆ ವರ್ಷದ ನೋಟುಪುಸ್ತಕ ಹೊರಬಂತು. ರಟ್ಟಿಗೆ ಇನ್ನೂ ಗುಡ್ಡದ ಕೆಂಪು ಹತ್ತಿಕೊಂಡಿತ್ತು. ಗಾಡಿಯವನು ಸಾಮಾನು ಏರಿಸುತ್ತಿದ್ದ, ನಾನು ಖಾಲಿ ಕೋಣೆಯ ನೆಲದ ಮೇಲೆ ಕೂತು ಓದಿದೆ. ನನ್ನ ಕಥೆಗೂ ನನ್ನದೇ ಕೈಬರಹಕ್ಕೂ ಒಂದು ಕಡೆ ತಾಳೆ ಬೀಳಲಿಲ್ಲ. ಇನ್ನೊಂದು ಕಡೆ ತಾಳೆ ಬೀಳದಿರುವುದು ತಿಳಿದದ್ದು ಆಮೇಲೆ, ಸಂಡೂರಿಗೆ ಹೋದ ಮೇಲೆ.

ನಾನು ಕಂಪ್ಲಿಯವನು. ಕಾಲುವೆ ನೀರು ಹೆಚ್ಚಾಗಿ ಸವಳು ಎದ್ದ ಗದ್ದೆಗಳ ನಡುವೆ ಬೆಳೆದೆ. ಕೊಯ್ಲು ಮುಗಿದು ನೆಲ ಒಣಗಿದಾಗ ಮೇಲೆ ಬೆಳ್ಳಗೆ ಉಪ್ಪಿನ ಪದರ ಬರುತ್ತಿತ್ತು. ಅಪ್ಪ ಅದನ್ನು ಕಾಲ ಹೆಬ್ಬೆರಳಿನಿಂದ ಕೆರೆದು ನೋಡುತ್ತಿದ್ದರು. ಭತ್ತ ಹಳದಿಗೆ ತಿರುಗಿದರೆ ಅಮೋನಿಯಂ ಸಲ್ಫೇಟ್ ಎರಚುವುದು ನಮ್ಮ ಕಡೆ ರೂಢಿ. ಅದು ಸಾರಜನಕ ಕೊಡುತ್ತದೆ, ಜೊತೆಗೆ ಮಣ್ಣನ್ನು ಸ್ವಲ್ಪ ಹುಳಿ ಮಾಡುತ್ತದೆ. ಸವಳು ನೆಲಕ್ಕೆ ಹುಳಿ ಒಳ್ಳೆಯದೇ. ಸಕ್ಕರೆಯಂಥ ಆ ಗೊಬ್ಬರವನ್ನು ಅಂಗೈಯಲ್ಲಿ ಹಿಡಿದು ಬೆಳೆದವನಿಗೆ ಮಣ್ಣು ಕೆಡುವುದು ಒಂದೇ ದಿಕ್ಕಿನಲ್ಲಿ ಅನ್ನಿಸಿಬಿಟ್ಟಿರುತ್ತದೆ. ಇನ್ನೊಂದು ದಿಕ್ಕೂ ಇದೆ ಎಂದು ವಿಶ್ವವಿದ್ಯಾಲಯ ಕಲಿಸಿತು. ಕಲಿತೆ, ಬರೆದೆ, ಒಳ್ಳೆಯ ಅಂಕ ಬಂತು. ಆದರೆ ಹುಳಿ ಮಣ್ಣು ನನಗೆ ಪರೀಕ್ಷೆಯ ಪ್ರಶ್ನೆಯಾಗಿಯೇ ಉಳಿಯಿತು. ಮಳೆ ಧೋ ಎಂದು ಸುರಿಯುವ ಯಾವುದೋ ನಾಡಿನ ತೊಂದರೆ ಅದು, ನಮ್ಮ ಬಿಸಿಲಿಗೆ ಸಂಬಂಧಪಟ್ಟದ್ದಲ್ಲ ಎಂದುಕೊಂಡಿದ್ದೆ.

ಅಲ್ಯೂಮಿನಿಯಂ ಎಂದರೆ ಹುಡುಗರಿಗೆ ಮೊದಲು ನೆನಪಾಗುವುದು ಅಡುಗೆಮನೆಯ ಪಾತ್ರೆ. ಆದರೆ ಯಾವ ಊರಿನ ಹಿಡಿ ಮಣ್ಣಿನಲ್ಲೂ ಅದು ಇದ್ದೇ ಇದೆ. ಜೇಡಿಯೊಳಗೆ ಬಿಗಿಯಾಗಿ ಕೂತಿರುತ್ತದೆ, ಯಾರಿಗೂ ಕೆಡುಕು ಮಾಡುವುದಿಲ್ಲ. ಮಣ್ಣು ಹುಳಿಯಾದರೆ ಮಾತ್ರ ಬಿಡಿಸಿಕೊಂಡು ನೀರಿಗೆ ಇಳಿಯುತ್ತದೆ. ಇಳಿದದ್ದು ಮೊದಲು ಮುಟ್ಟುವುದು ಬೇರಿನ ತುದಿಯನ್ನು. ತುದಿ ಉದ್ದವಾಗುವುದನ್ನು ನಿಲ್ಲಿಸಿ, ಮೊಟಕಾಗಿ, ದಪ್ಪಗೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಒಳಗೆ ಹೋಗಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಕೂರುತ್ತದೆ. ರಂಜಕವನ್ನು ಹಿಡಿದು, ಗಿಡಕ್ಕೆ ದಕ್ಕದಂತೆ ಗಟ್ಟಿ ಮಾಡುತ್ತದೆ. ಸುತ್ತಲೂ ಊಟ ಇದ್ದರೂ ಗಿಡ ಹಸಿದಿರುತ್ತದೆ. ಆ ಹಸಿವು ಎಲೆಯ ಮೇಲೆ ಕಾಣುತ್ತದೆ. ಬೇರು ಮಣ್ಣಿನೊಳಗಿರುವುದರಿಂದ ನೋಡುವವನು ಎಲೆಯನ್ನೇ ನೋಡಿ, ಇನ್ನಷ್ಟು ಬಡಿಸುತ್ತಾನೆ. ನಾನು ಮಾಡಿದ್ದೂ ಅದನ್ನೇ.

ಓದು ಮುಗಿಸಿ ಕೆಲಸ ಸಿಗುವ ಮುಂಚೆ ಒಂದು ಗಣಿ ಕಂಪನಿಯವರು ತಿಂಗಳಿಗೆರಡು ಸಲ ಬಂದು ಸಸಿಗಳನ್ನು ನೋಡಿ ವರದಿ ಕೊಡಲು ನನ್ನನ್ನು ಕರೆದಿದ್ದರು. ಹೊಸಪೇಟೆಯಿಂದ ಬೆಳಗಿನ ಬಸ್ಸು ಹತ್ತಿ ಸಂಡೂರಿಗೆ, ಅಲ್ಲಿಂದ ಕಂಪನಿಯ ಜೀಪು. ಗುಡ್ಡದ ಕೆಳಗೆ ನರ್ಸರಿ, ಮೇಲೆ ಡಂಪು. ಅದಿರು ಸಿಗುವ ಮುಂಚೆ ಅಗೆದು ತೆಗೆದ ಬೇಡದ ಮಣ್ಣನ್ನು ಮೆಟ್ಟಿಲುಮೆಟ್ಟಿಲಾಗಿ ಸುರಿದ ರಾಶಿಗೆ ಅಲ್ಲಿ ಎಲ್ಲರೂ ಹೇಳುವುದು ಡಂಪು ಎಂದೇ. ಅದು ಜಾರಬಾರದು, ಮಳೆಗೆ ಕೊಚ್ಚಿಹೋಗಬಾರದು ಎಂದು ಅದರ ಮೇಲೆ ಗಿಡ ನೆಡಬೇಕಿತ್ತು.

ನರ್ಸರಿಯಲ್ಲಿ ಹತ್ತು ಹನ್ನೆರಡು ಹೆಂಗಸರು. ಅವರಲ್ಲಿ ಬಂಡ್ರಿಯಿಂದ ಬರುತ್ತಿದ್ದ ಒಬ್ಬಾಕೆಗೆ ಆಗ ಐವತ್ತರ ಆಸುಪಾಸು ಇರಬೇಕು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಅನ್ನುತ್ತೇನೆ. ಹೆಸರಿಗೆ ಅಕ್ಕ ಎಲ್ಲರಂತೆ ಕೂಲಿಯವಳೇ. ಆದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಪಾಕೀಟಿಗೆ ಮಣ್ಣು ಎಷ್ಟು, ಗೊಬ್ಬರ ಎಷ್ಟು, ಯಾವ ಬೀಜ ನೆನೆಸಬೇಕು, ಯಾವುದನ್ನು ನೆನೆಸಬಾರದು ಎಂದು ಉಳಿದವರು ಆಕೆಯನ್ನೇ ಕೇಳುತ್ತಿದ್ದರು. ಯಾವುದೇ ಹೊಸ ಪಾತಿಯ ಮೊದಲ ಬೀಜ ಅಕ್ಕನೇ ಹಾಕಬೇಕು. ಆಕೆಯ ಕೈಗುಣ ಒಳ್ಳೆಯದು ಎಂದು ನರ್ಸರಿಯಲ್ಲೂ ಮಾತು, ಬಂಡ್ರಿಯಲ್ಲೂ ಮಾತು. ಮೊದಲ ಮಳೆ ಬಿದ್ದಾಗ ಓಣಿಯವರು ಹಿತ್ತಲಿಗೆ ಕರೆದು ಸೋರೆ, ಹೀರೆ, ಅವರೆ ಬೀಜವನ್ನು ಆಕೆಯ ಕೈಯಿಂದಲೇ ಹಾಕಿಸುತ್ತಿದ್ದರಂತೆ. ಇದನ್ನು ಕೇಳಿದ ದಿನ ನಾನು ನೋಟುಪುಸ್ತಕದಲ್ಲಿ 'ಕೈಗುಣ' ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿಕೊಂಡಿದ್ದೇನೆ.

ಮೊದಲ ದಿನವೇ ಅಕ್ಕ ನನ್ನ ಊರು ಕೇಳಿದ್ದಳು.

"ಕಂಪ್ಲಿ," ಅಂದೆ.

"ಕಾಲುವಿ ಮಂದಿ. ಹಂಗಾರ ನೀರ ಹಾಕೂದು ಗೊತ್ತೈತಿ, ನಿಲ್ಲಸೂದು ಗೊತ್ತಿಲ್ಲ ಬಿಡ್ರಿ ಸರ."

ಉಳಿದವರು ಪಾಕೀಟು ತುಂಬುತ್ತಲೇ ನಕ್ಕರು. ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಬರೀ ಅನ್ನ ನೋಡಿ, "ಅಯ್ಯ, ಅನ್ನ ತಿಂದು ತಿಂದು ಹೆಂಗ ಸೊರಗೀಯಪಾ ತಮ್ಮಾ," ಎಂದು ಒಂದು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ ಇಟ್ಟಳು. ಅಂದಿನಿಂದ ನಾನು ಬರುವ ದಿನ ಅಕ್ಕನ ಗಂಟಿನಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು. ಸೂಪರ್‌ವೈಸರ್ ಮುಂದೆ 'ಸರ', ಅವನು ಆ ಕಡೆ ಹೋದರೆ 'ತಮ್ಮಾ'.

ನರ್ಸರಿಯಲ್ಲಿ ಸಸಿಗಳು ಚೆನ್ನಾಗಿದ್ದವು. ಹೊಂಗೆ, ನೆಲ್ಲಿ, ಹುಣಸೆ, ಸೀತಾಫಲ, ಎಲೆಯೆಲ್ಲ ಮಿರಮಿರ. ಮಳೆಗಾಲದಲ್ಲಿ ಡಂಪಿನ ಮೇಲೆ ನೆಟ್ಟರು. ದೀಪಾವಳಿಯ ಹೊತ್ತಿಗೆ ಎಲೆ ಹಳದಿಯಾದವು, ಹೊಸ ಚಿಗುರು ಮುರುಟಿಕೊಂಡಿತು. ಬೇಸಿಗೆ ಹತ್ತಿರ ಬಂದಾಗ ಸಾಲುಸಾಲು ಕಡ್ಡಿಯಾಗಿ ನಿಂತಿದ್ದವು. ಸಾಲಿನ ಕೊನೆಯ ಒಂದೆರಡು ಗಿಡ ಮಾತ್ರ ಹಸಿರು. ಅಲ್ಲಿ ಟ್ಯಾಂಕರ್ ನಿಲ್ಲುತ್ತದೆ, ಅದಕ್ಕೆ ನೀರು ಜಾಸ್ತಿ ಬೀಳುತ್ತದೆ ಎಂದು ಸೂಪರ್‌ವೈಸರ್ ಹೇಳಿದ. ನಾನೂ ಒಪ್ಪಿದೆ.

ಆ ಸೂಪರ್‌ವೈಸರ್ ಗಾದಿಗನೂರಿನವನು, ಕೆಟ್ಟವನಲ್ಲ. ಅವನ ಮೇಲೂ ಒತ್ತಡವಿತ್ತು. ಮಣ್ಣು ಪರೀಕ್ಷೆ ಮಾಡಿಸಿ ಎಂದು ಅವನೇ ನನಗೆ ಹೇಳಿದ್ದು.

ಸತ್ತ ಸಸಿಗಳ ಜಾಗಕ್ಕೆ ಹೊಸದು ನೆಡಲು ಬೇಸಿಗೆಯಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಡುವುದು ಅಲ್ಲಿಯ ಪದ್ಧತಿ. ಅದಕ್ಕಾಗಿ ಹೆಂಗಸರು ಹಗ್ಗ ಎಳೆದು, ಗುಂಡಿ ಬರಬೇಕಾದ ಕಡೆಯೆಲ್ಲ ಒಂದೊಂದು ಹಿಡಿ ಸುಣ್ಣದ ಪುಡಿ ಹಾಕಿಕೊಂಡು ಹೋಗಿದ್ದರು. ಆ ಕೆಂಪಿನ ಮೇಲೆ ದೂರದಿಂದ ಕಾಣುವುದು ಸುಣ್ಣವೊಂದೇ. ಗಿಡ ಬೆಳೆಯಬೇಕಾದ ಜಾಗದ್ದೇ ಮಣ್ಣು ತೆಗೆಯಬೇಕೆಂದು ನಾನು ಒಂದು ಬಿಳಿ ಗುರುತಿನಿಂದ ಇನ್ನೊಂದು ಬಿಳಿ ಗುರುತಿಗೆ ನಡೆದೆ. ಮೇಲಿನ ಬಿಳಿಯನ್ನು ಬದಿಗೆ ಸರಿಸಿ, ಕೆಳಗಿನದನ್ನು ಅಗೆದು, ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎರಡನ್ನು ಚೆಲ್ಲಿ ಎರಡನ್ನು ಉಳಿಸಿ, ಪುಸ್ತಕದಲ್ಲಿ ಹೇಳಿದಂತೆಯೇ ಚೀಲಕ್ಕೆ ತುಂಬಿದೆ. ಟ್ಯಾಂಕರಿನ ನೀರಿಗೆ ಸುಣ್ಣ ಕೆಳಗೂ ಇಳಿದಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಯಾವತ್ತಿಗಿಂತ ಅಂದು ನಾನು ಹೆಚ್ಚು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆ.

ಹೊಸಪೇಟೆಯ ಲ್ಯಾಬಿನಿಂದ ಫಲಿತಾಂಶ ಬಂತು. ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಸಾರಜನಕ ಕಡಿಮೆ. ಮಣ್ಣಿನಲ್ಲಿ ದೊಡ್ಡ ದೋಷವಿಲ್ಲ ಎಂದು ವರದಿ ಬರೆದೆ. ಹಳದಿ ಎಲೆಗೆ ಅಮೋನಿಯಂ ಸಲ್ಫೇಟ್ ಹಾಕಿ ಎಂದೆ. ಅದನ್ನು ಬರೆಯುವಾಗ ಯೋಚಿಸಿದ ನೆನಪಿಲ್ಲ, ಕೈ ತಾನೇ ಬರೆಯಿತು. ಹುಳಿಯಾಗಿದ್ದ ಮಣ್ಣಿಗೆ ನಾನು ಇನ್ನಷ್ಟು ಹುಳಿ ಹಾಕಿಸಿದೆ. ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ, ಬದುಕಿದ್ದವೂ ಮುಕ್ಕಾಲು ಸತ್ತವು.

ಆಗ ಸೂಪರ್‌ವೈಸರ್ ನರ್ಸರಿಯ ನೆರಳಿನಲ್ಲಿ ನನ್ನೊಡನೆ ಲೆಕ್ಕ ಬಿಡಿಸಿದ.

"ಸರ್, ಮಣ್ಣು ಚಲೋ ಐತಿ ಅಂತ ನೀವ ಬರದ್ರಿ. ನೀರು ನಾವು ಬಿಡಾಕತ್ತೀವಿ. ಗೊಬ್ಬರಾನೂ ಹಾಕೀವಿ. ಇನ್ನ ಉಳದಿದ್ದು ಏನು? ಸಸಿ."

"ಸಸಿ ನೋಡಲು ಚೆನ್ನಾಗಿಯೇ ಇವೆಯಲ್ಲ."

"ನೋಡಾಕ ಚಲೋ ಇರ್ತಾವ ಸರ್, ತಾಕತ್ತಿಲ್ಲ. ಮ್ಯಾಲಿನವರು ಈ ಸಲ ಹೊರಗಿಂದ ಸಸಿ ತರಿಸ್ರಿ ಅನ್ನಾಕತ್ಯಾರ. ಆ ಯಮ್ಮನ್ನ ಕಲ್ಲಿನ ಕೆಲಸಕ್ಕ ಹಾಕ್ತೀವಿ. ಇಷ್ಟು ವರ್ಷ ಮಾಡ್ಯಾರ, ಮನಿಗೆ ಕಳಸೂದು ಬ್ಯಾಡ."

ಕಲ್ಲಿನ ಕೆಲಸ ಎಂದರೆ ಡಂಪಿನ ಇಳಿಜಾರಿಗೆ ಕಲ್ಲು ಹೊತ್ತು ಜೋಡಿಸುವುದು. ನನ್ನ ವರದಿಯೇ ಅವನ ಕೈಯಲ್ಲಿತ್ತು.

ಹೆಂಗಸರ ಮಾತು ಅವನದಕ್ಕಿಂತ ಸಣ್ಣದು, ಆದರೆ ಹೆಚ್ಚು ಚುಚ್ಚುವಂಥದ್ದು. ಪಾತಿಯ ಹತ್ತಿರ ಇಬ್ಬರು ಮಾತಾಡಿದ್ದನ್ನು ಕೇಳಿಸಿಕೊಂಡು ಬರೆದಿದ್ದೇನೆ. "ಕೈಗುಣ ಹೋದ್ರ ಹೋತವ್ವ, ಯಾರೇನ ಮಾಡಾಕಾಗತೈತಿ." ಅಕ್ಕ ಅಲ್ಲೇ ಮೂರು ಮಾರು ದೂರದಲ್ಲಿ ಪಾಕೀಟು ತುಂಬುತ್ತಿದ್ದಳು.

ಮರುಸಲ ಹೋದಾಗ ಅಕ್ಕ ಆಗಲೇ ಕಲ್ಲಿನ ಕೆಲಸದಲ್ಲಿದ್ದಳು. ನಾನು ಡಂಪು ಹತ್ತಿ, ಆಕೆಯನ್ನು ಸ್ವಲ್ಪ ಹೊತ್ತು ಬಿಡಿಸಿಕೊಂಡು, ಸಾಲಿನ ನಡುವೆ ಕರೆದುಕೊಂಡು ಹೋದೆ. ಇಲ್ಲಿಯೇ ನನ್ನ ಕಥೆಯ ಬಕೆಟ್ಟು ಬರುತ್ತದೆ. ಎರಡು ಸಸಿ, ಒಂದು ಸಾಲಿನ ನಡುವಿನದು, ಒಂದು ಕೊನೆಯದು. ನಡುವಿನದರ ಬೇರು ಸುಟ್ಟ ಬತ್ತಿಯ ತುಂಡುಗಳಂತೆ ಮೊಟಕು, ಕಂದು, ಪಾಕೀಟಿನಿಂದ ಹೊರಬಂದ ಜಾಗದಲ್ಲೇ ನಿಂತುಬಿಟ್ಟಿತ್ತು. ಹೊಸ ಮಣ್ಣಿಗೆ ಒಂದು ಬೆರಳಷ್ಟೂ ಹೋಗಿರಲಿಲ್ಲ. ಕೊನೆಯ ಗಿಡದ ಬೇರು ಬೆಳ್ಳಗೆ, ಉದ್ದಕ್ಕೆ, ಕೂದಲಿನಂಥ ಕವಲುಗಳು ನೀರಿನಲ್ಲಿ ಹರಡಿಕೊಂಡವು.

ಬರೀ ನೀರಿನ ವ್ಯತ್ಯಾಸಕ್ಕೆ ಬೇರಿನ ತುದಿ ಹಾಗಾಗುವುದಿಲ್ಲ. ಅಷ್ಟು ನನಗೆ ಗೊತ್ತಿತ್ತು. "ಇಲ್ಲಿ ಕೊನೆಗೆ ಏನಾದರೂ ಬೇರೆ ಹಾಕಿದ್ದಿರಾ ಅಕ್ಕಾ?" ಎಂದು ಕೇಳಿದೆ.

"ಏನಿಲ್ಲ ತಮ್ಮಾ. ಗುರುತು ಹಾಕಿ ಪುಟ್ಟ್ಯಾಗ ಉಳದಿದ್ದ ಸುಣ್ಣ ಇಲ್ಲೇ ಝಾಡಿಸಿ ಇಳೀತೀವಿ. ವಾಪಸ್ ಯಾರ ಹೊತ್ಕೊಂಡು ಹೋಗ್ತಾರ?"

ಪುಟ್ಟಿ ಎಂದರೆ ತಲೆಯ ಮೇಲೆ ಹೊರುವ ಬುಟ್ಟಿ. ಗುರುತಿನ ಹಿಡಿ ಸುಣ್ಣ ಗುಂಡಿ ತೋಡುವಾಗ ಮಣ್ಣಿನ ಜೊತೆ ಹೊರಹೋಗುತ್ತದೆ, ಆದರೆ ಪ್ರತಿ ಸಾಲಿನ ಕೊನೆಗೂ ಪುಟ್ಟಿ ಖಾಲಿಯಾಗಿತ್ತು. ಸುಣ್ಣ ಬಿದ್ದಲ್ಲಿ ಹುಳಿ ಮುರಿದು, ಅಲ್ಯೂಮಿನಿಯಂ ಮತ್ತೆ ಜೇಡಿಗೆ ಅಂಟಿ, ಬೇರು ದಾರಿ ಹಿಡಿದಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನನ್ನ ಚೀಲದ ಮಣ್ಣು ಎಲ್ಲಿಂದ ಬಂದದ್ದೆಂದು ಆಗ ಅರ್ಥವಾಯಿತು. ಸುಣ್ಣ ಬೀಳದ ಕಡೆಯಿಂದ ಒಂದು ಹಿಡಿ ಮಣ್ಣು ತೆಗೆದು, ಬಾಟಲಿಯ ನೀರಿನಲ್ಲಿ ಕಲಸಿ, ಕೆಸರು ಕೆಳಗಿಳಿಯುವವರೆಗೆ ಕಾದು, ಮೇಲಿನ ತಿಳಿಗೆ ಹುಳಿ ತೋರಿಸುವ ದ್ರಾವಣದ ನಾಲ್ಕು ಹನಿ ಹಾಕಿದೆ. ಸರಿಯಾದ ಮಣ್ಣಾದರೆ ಹಸಿರಾಗಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿತು.

ಕಥೆಯ ಪ್ರಕಾರ ಇದರ ಮುಂದೆ ಪತ್ರ, ಅದೇ ಸಂಜೆ. ನೋಟುಪುಸ್ತಕದಲ್ಲಿ ಕಿತ್ತಳೆ ಬಣ್ಣಕ್ಕೂ ಪತ್ರದ ಕರಡು ಪ್ರತಿಗೂ ನಡುವೆ ಎಂಟು ದಿನಗಳಿವೆ.

ಖಾಲಿ ಕೋಣೆಯಲ್ಲಿ ಕೂತು ಆ ಪುಟಗಳನ್ನು ಮತ್ತೆ ಮತ್ತೆ ತಿರುವಿದೆ. 'ಕೆಂಪು ಮಣ್ಣಿನಿಂದಲೂ ಬಣ್ಣ ಹಾಗೆ ಕಾಣಬಹುದು' ಎಂದು ಒಂದು ಸಾಲು. 'ಮತ್ತೊಂದು ಸ್ಯಾಂಪಲ್, ಲ್ಯಾಬಿಗೆ' ಎಂದು ಇನ್ನೊಂದು. ಆಮೇಲೆ ಎರಡು ಪುಟ ಖಾಲಿ. ಆಮೇಲೆ ಪತ್ರ, ಮೂರು ಸಲ ಹೊಡೆದು ಹಾಕಿ ಬರೆದದ್ದು. ಅದರಲ್ಲಿ ಮೊದಲ ಸ್ಯಾಂಪಲ್ ತಪ್ಪು ತೆಗೆದೆ, ನಾನು ಹೇಳಿದ ಗೊಬ್ಬರದಿಂದ ಕೇಡು ಹೆಚ್ಚಾಯಿತು ಎಂದು ಬರೆಯಬೇಕಿತ್ತು. ಬರೆದಿದ್ದೇನೆ, ಮೂರನೆಯ ಸಲಕ್ಕೆ.

ಆ ಎಂಟು ದಿನ ನನಗೆ ನೆನಪಿಲ್ಲ. ತಪ್ಪಾಗಿ ನೆನಪಿದ್ದರೆ ತಿದ್ದಿಕೊಳ್ಳಬಹುದಿತ್ತು. ಇಲ್ಲಿ ಏನೂ ಇಲ್ಲ, ಯಾವ ಊಟ, ಯಾವ ಬೀದಿ, ಯಾರ ಜೊತೆ ಮಾತು, ಏನೂ. ಲ್ಯಾಬಿನ ಖಾತರಿಗಾಗಿ ಕಾದೆ ಎಂದು ಹೇಳಿಕೊಳ್ಳಬಹುದು, ಅದು ಸುಳ್ಳೂ ಅಲ್ಲ. ನಾಲ್ಕು ಹನಿಯ ಬಣ್ಣ ನಂಬಿ ವರದಿ ತಿರುಗಿಸಬಾರದು ಎಂದು ನಾನೇ ಈಗ ಹುಡುಗರಿಗೆ ಕಲಿಸುತ್ತೇನೆ. ಆದರೆ ಸೂಪರ್‌ವೈಸರಿಗೆ ಫೋನು ಮಾಡಿ, ನನ್ನ ವರದಿಯ ಮೇಲೆ ನನಗೇ ಸಂಶಯ ಬಂದಿದೆ, ಆ ಅಕ್ಕನನ್ನು ನರ್ಸರಿಗೆ ಕರೆದುಕೊಳ್ಳಿ ಎನ್ನಲು ಲ್ಯಾಬು ಬೇಕಿರಲಿಲ್ಲ. ಫೋನು ಜೇಬಿನಲ್ಲೇ ಇತ್ತು.

ಮನೆ ಸಾಮಾನು ಬಿಚ್ಚುವ ಮುಂಚೆಯೇ ಸಂಡೂರಿನ ಬಸ್ಸು ಹತ್ತಿದೆ.

ನರ್ಸರಿ ಅಲ್ಲೇ ಇತ್ತು. ಅಕ್ಕ ಈಗ ಅಲ್ಲಿಯ ಮೇಸ್ತ್ರಿ. ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಕೈಯಲ್ಲಿನ ಪಾಕೀಟು ತುಂಬಿ ಮುಗಿಸಿದಳು.

"ಬಾರಪಾ. ಕುಂದ್ರು. ಹೊಟ್ಟಿ ಬಂದೈತಲ್ಲೋ ನಿನಗ."

"ರೊಟ್ಟಿ ತಿನ್ನೋದು ಬಿಟ್ಟೆ ಅಕ್ಕಾ, ಅದಕ್ಕೇ."

"ಅದ ಮತ್ತ."

ಎಲ್ಲರೂ ಕೆಲಸದಲ್ಲಿದ್ದರು. ನಾನು ಪಕ್ಕದಲ್ಲಿ ಕೂತು, ತರಗತಿಯಲ್ಲಿ ನಿನ್ನ ಕಥೆ ಹೇಳುತ್ತೇನೆ ಎಂದೆ. ಹೇಳು ನೋಡೋಣ ಎಂದಳು. ಹುಡುಗರಿಗೆ ಹೇಳುವಂತೆಯೇ ಹೇಳಿದೆ. ಆಕೆ ಸಸಿ ಕಿತ್ತ ಜಾಗಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ಯಾರು ಕಿತ್ತಿದ್ದು?"

"ನೀನು."

"ನಾ ಯಾಕ ಕೀಳ್ಲಿ? ಉಸುರಾಡೂ ಗಿಡ ಕಿತ್ತು ತೋರ್ಸಾಕ ನಂಗೇನ ತಲಿ ಕೆಟ್ಟಿತ್ತ? ನೀ ಕಿತ್ತಿ. ನಾ ನಿನ್ನ ಕೈ ಹಿಡದೆ, ಬ್ಯಾಡೋ ತಮ್ಮಾ, ಅದೊಂದರ ಉಳದೈತಿ ಅಂದೆ. ನೀ ಕೇಳ್ಲಿಲ್ಲ. ಎಳದು ತಗದಿ. ನನಗ ಅಳು ಬಂತು."

ಅಕ್ಕ ಅತ್ತದ್ದು ನನ್ನ ಯಾವ ಪುಟದಲ್ಲೂ ಇಲ್ಲ, ತಲೆಯಲ್ಲೂ ಇಲ್ಲ. ಇಷ್ಟು ವರ್ಷ ಆಕೆಯ ಮೇಲಿನ ಪ್ರೀತಿಯಿಂದ ಬೇರು ತೋರಿಸಿದ ಜಾಣತನವನ್ನು ಆಕೆಗೆ ಕೊಟ್ಟಿದ್ದೆ ಅಂದುಕೊಂಡೆ. ಆಕೆಯ ಕೈ ನನ್ನ ಕೈಯನ್ನು ಹಿಡಿದು ತಡೆದದ್ದನ್ನು ಮಾತ್ರ ಕಳೆದುಬಿಟ್ಟಿದ್ದೆ. ಅಥವಾ ಅಕ್ಕನ ನೆನಪೇ ತಪ್ಪಿರಬಹುದು. ಆ ಇಳಿಜಾರಿನಲ್ಲಿ ನಾವಿಬ್ಬರೇ ಇದ್ದೆವು, ಮೂರನೆಯವರನ್ನು ಕೇಳುವಂತಿಲ್ಲ.

ನಾನು ಮುಂದಿನದನ್ನು ಹೇಳಿದೆ. ಪತ್ರ ಅದೇ ಸಂಜೆ ಬರೆದದ್ದಲ್ಲ, ಎಂಟು ದಿನ ತಡವಾಗಿತ್ತು, ನನಗೆ ಈಗಷ್ಟೇ ಗೊತ್ತಾಯಿತು, ಅದನ್ನು ಹೇಳಲೆಂದೇ ಬಂದೆ ಎಂದೆ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಎಂಟಲ್ಲ, ಹನ್ನೊಂದು. ನೀ ಬರ್ಯಾಕ ಎಂಟು. ಅದು ಗುಡ್ಡ ಹತ್ತಾಕ ಮೂರು."

"ನಿನಗೆ ನೆನಪಿದೆಯಾ?"

"ಕಲ್ಲು ಹೊತ್ತಾಕಿ ನಾನು. ನಿನಗ ಹೆಂಗ ನೆನಪಿರ್ತೈತಿ?"

ಸಿಟ್ಟಿನಿಂದ ಹೇಳಿದ್ದಲ್ಲ. ಪಾಕೀಟಿಗೆ ಎಷ್ಟು ಮಣ್ಣು ಹಿಡಿಯುತ್ತದೆ ಎನ್ನುವ ಹಾಗೆ ಹೇಳಿದ್ದು. ಆಮೇಲೆ ನಾನು ಕೇಳದಿದ್ದರೂ ಬೇವಿನ ಮಾತು ತೆಗೆದಳು.

ಬೇವಿನ ಹಣ್ಣು ಬೀಳುವುದು ಮುಂಗಾರಿನ ಸುಮಾರಿಗೆ. ಆ ಬೀಜ ಆರಿಸಿ ಬಹಳ ದಿನ ಇಟ್ಟರೆ ಜೀವ ಹೋಗುತ್ತದೆ, ಬೇಗ ಹಾಕಬೇಕು. ಕಲ್ಲಿನ ಕೆಲಸಕ್ಕೆ ಹಾಕುವ ಹಿಂದಿನ ವಾರ ಅಕ್ಕ ಎರಡು ಪುಟ್ಟಿ ಬೇವಿನ ಬೀಜ ಆರಿಸಿ, ತೊಳೆದು, ನೆರಳಿಗೆ ಹರಡಿದ್ದಳು. ತಾನು ಮೇಲೆ ಹೋಗುವಾಗ ಉಳಿದವರಿಗೆ ಹಾಕಿಬಿಡಿ ಎಂದು ಹೇಳಿದಳು. ಯಾರೂ ಹಾಕಲಿಲ್ಲ. ಆಕೆ ಆರಿಸಿದ ಬೀಜ ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ. ಆಕೆ ಕೆಳಗೆ ಬಂದ ಮೇಲೆ ಹಾಕಿದಳು.

"ಒಂದರ ಎದ್ದಿದ್ರ ಹೇಳು. ಪಾತಿ ತುಂಬ ಬೋಳು. ನಿನ್ನ ಕಾಗದದಾಗ ನಂದು ತಪ್ಪಿಲ್ಲ ಅಂತ ಬಂದಿತ್ತು, ಖರೆ. ಆಫೀಸಿನವರು ಓದಿದ್ರು. ಈ ಹೆಂಗಸ್ರು ಕಾಗದ ಓದ್ತಾರನ? ಪಾತಿ ನೋಡ್ತಾರ. ನೋಡು, ಕೈಗುಣ ಹೋಗೈತಿ ಅಂದ್ವಿಲ್ಲ ಅಂದ್ರು."

"ಊರಲ್ಲಿ?"

"ಆ ಮಳಿಗಾಲ ಯಾರೂ ಕರೀಲಿಲ್ಲ. ಬಾಜೂ ಮನಿಯಾಕಿ ಸ್ವಾರಿಕಾಯಿ ಬೀಜ ಸೈತ ತನ್ನ ಸೊಸಿ ಕೈಲೆ ಹಾಕಿಸಿದ್ಲು. ನಾ ಗ್ವಾಡಿ ಈ ಕಡೆ ನಿಂತು ನೋಡಿದೆ."

ಸಂಡೂರಿನ ಬಿಸಿಲು ಪಾಕೀಟುಗಳ ಮೇಲೆ ಬಿದ್ದಿತ್ತು. ದೂರದಲ್ಲಿ ಒಬ್ಬ ಹುಡುಗಿ ಪೈಪು ಹಿಡಿದು ಸಾಲಿಗೆ ನೀರು ಬಿಡುತ್ತಿದ್ದಳು, ಅಕ್ಕ ನನ್ನ ಜೊತೆ ಮಾತಾಡುತ್ತಲೇ, ಬೇರಿಗೆ ಬಿಡು, ಎಲಿಗಲ್ಲ, ಎಂದು ಆಕೆಗೆ ಕೂಗಿ ಹೇಳಿದಳು. ಈಗಲಾದರೂ ಬಂಡ್ರಿಗೆ ಬಂದು ನಾಲ್ಕು ಜನರ ಮುಂದೆ ಹೇಳುತ್ತೇನೆ, ಬೀಜ ಸತ್ತದ್ದು ನಾನು ತಡಮಾಡಿದ್ದಕ್ಕೆ ಎಂದು, ಅಂದೆ.

ಅಕ್ಕ ನಕ್ಕಳು. ಹಲ್ಲು ಎರಡು ಕಡಿಮೆಯಾಗಿವೆ.

"ಮರತಾರೋ ಎಲ್ಲಾ. ಮುಂದಿನ ವರ್ಷನ ಕರದ್ರು. ಅಕಿ ಸೊಸಿ ಹಾಕಿದ ಸ್ವಾರಿ ಬಳ್ಳಿ ಬರೀ ಹೂವ ಬಿಡ್ತು, ಕಾಯಿ ಆಗ್ಲಿಲ್ಲ. ಈಗ ನೀ ಹೋಗಿ ಎಲ್ಲಾರಿಗೂ ನೆನಪ ಮಾಡಿ ಕೊಡಬ್ಯಾಡ."

"ಹಾಗಾದರೆ ಏನು ಮಾಡಲಿ?"

"ಸಾಲ್ಯಾಗ ಹೇಳ್ತೀಯಲ್ಲ, ಅಲ್ಲಿ ಸರಿ ಹೇಳು. ಹನ್ನೊಂದು ಅಂತ ಹೇಳು. ಗಿಡ ನೀನ ಕಿತ್ತಿ ಅಂತನೂ ಹೇಳು."

ಮಧ್ಯಾಹ್ನ ನಾವಿಬ್ಬರೂ ಡಂಪು ಹತ್ತಿದೆವು. ನಿಧಾನಕ್ಕೆ, ಮೊಣಕಾಲಿನ ಮೇಲೆ ಕೈಯೂರಿಕೊಂಡು. ನನ್ನ ಪತ್ರ ತಲುಪಿದ ಮೇಲೆ ಗುಂಡಿಗೊಂದಿಷ್ಟು ಡಾಲಮೈಟ್ ಪುಡಿ, ಎರಡು ಪುಟ್ಟಿ ತಿಪ್ಪೆಗೊಬ್ಬರ ಹಾಕಿಸಿದ್ದರು. ಡಾಲಮೈಟ್ ಸುಣ್ಣದ ಜಾತಿಯ ಕಲ್ಲು, ಹುಳಿ ಮುರಿಯುತ್ತದೆ, ಬೇರಿಗೆ ಸಿಗದೇ ಹೋಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕೊಡುತ್ತದೆ. ಗೊಬ್ಬರ ಉಳಿದ ಅಲ್ಯೂಮಿನಿಯಂ ಅನ್ನು ಹಿಡಿದಿಡುತ್ತದೆ. ಈಗ ಅಲ್ಲಿ ಹೊಂಗೆಯ ನೆರಳಿನಲ್ಲಿ ನಿಲ್ಲಬಹುದು. ನೆಲ್ಲಿಗೆ ಕಾಯಿ ಬರುತ್ತಿದೆ. ಒಂದೊಂದು ವರ್ಷದ ನೆಡುತೋಪು ಒಂದೊಂದು ಮೆಟ್ಟಿಲು. ಅಕ್ಕ ಕೈ ತೋರಿಸಿ ಹೇಳುತ್ತ ಹೋದಳು. ಕೆಳಗಿನದರಲ್ಲಿ ಬೇವಿದೆ, ಮೇಲಿನದರಲ್ಲಿ ಬೇವಿದೆ, ನಡುವಿನ ಮೆಟ್ಟಿಲಿನಲ್ಲಿ ಇಲ್ಲ. ಹೇಳದಿದ್ದರೆ ನನಗೆ ಕಾಣುತ್ತಿರಲಿಲ್ಲ. ಹೇಳಿದ ಮೇಲೆ ಅದೊಂದೇ ಕಾಣಿಸಿತು.

ಇಳಿಯುವಾಗ ಜಲ್ಲಿ ಜಾರುತ್ತಿತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಆಕೆಗೆ ಆಸರೆಗೋ, ನನಗೋ, ಹೇಳುವುದು ಕಷ್ಟ.

ಈ ವರ್ಷ ಹುಳಿ ಮಣ್ಣಿನ ಪಾಠ ಮಳೆಗಾಲದ ಮಧ್ಯದಲ್ಲಿ ಬಂತು. ಬೋರ್ಡಿನ ಮೇಲೆ ಬೇರಿನ ತುದಿ ಬರೆದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕ, ಒಂದೊಂದೂ ಎಲ್ಲಿ ತಡೆದು ನಿಲ್ಲುತ್ತದೆ ಎಂದು ಬಾಣ ಹಾಕಿದೆ. ಆಮೇಲೆ ಕಥೆ. ಸುಣ್ಣದ ಗುರುತಿನಿಂದ ಮಣ್ಣು ತೆಗೆದದ್ದು ಹೇಳಿದೆ, ಅದನ್ನು ಮೊದಲು ಹೇಳುತ್ತಿರಲಿಲ್ಲ. ಗಿಡ ನಾನು ಕಿತ್ತೆ, ಆಕೆ ತಡೆದಳು, ಹಾಗೆಂದು ಆಕೆ ಹೇಳುತ್ತಾಳೆ, ನನಗೆ ನೆನಪಿಲ್ಲ ಎಂದೆ. ಪತ್ರ ಗುಡ್ಡ ಹತ್ತಲು ಹನ್ನೊಂದು ದಿನ ಹಿಡಿಯಿತು ಎಂದೆ. ಹತ್ತು ನಿಮಿಷದ ಕಥೆ ಅರ್ಧ ಗಂಟೆಯಾಯಿತು. ಮೊದಲಿನಷ್ಟು ಚೆನ್ನಾಗಿಯೂ ಇರಲಿಲ್ಲ, ಮಧ್ಯೆ ಮಧ್ಯೆ ತಡವರಿಸಿದೆ.

ಪಾಪಿನಾಯಕನಹಳ್ಳಿಯಿಂದ ಬರುವ ಒಬ್ಬ ಹುಡುಗಿ ಕೈ ಎತ್ತಿದಳು. ಆ ಹನ್ನೊಂದು ದಿನ ನೀವೇನು ಮಾಡುತ್ತಿದ್ದಿರಿ ಎಂದು ಕೇಳುತ್ತಾಳೆ ಎಂದುಕೊಂಡೆ. ಅದಕ್ಕೆ ಉತ್ತರ ಯೋಚಿಸಿಕೊಂಡೇ ಬಂದಿದ್ದೆ.

"ಸರ್, ಆ ಹನ್ನೊಂದ ದಿನ ಅವರು ಏನ್ ಮಾಡಿದ್ರು?"

"ಕಲ್ಲು ಹೊತ್ತರು," ಅಂದೆ.

ಹುಡುಗಿ ತಲೆ ಬಗ್ಗಿಸಿ ನೋಟ್ಸಿನಲ್ಲಿ, ರಂಜಕದ ಬಾಣದ ಕೆಳಗೆ, ಅದನ್ನೂ ಬರೆದುಕೊಂಡಳು.